ಕೊಡುವ ಕೈಯೂ ಶುದ್ಧವಲ್ಲ

ಲಂಚವೆಂದೊಡನೆ ಕೈಯೊಡ್ಡುವ ನೌಕರನ ಚಿತ್ರವೇ ಕಣ್ಣೆದುರು ನಿಲ್ಲುತ್ತದೆ. ಕೊಡುವವನನ್ನು ಯಾರೂ ವಿಚಾರಿಸುವುದಿಲ್ಲ. ಮಾಗಳದಂತಹ ತುಂಗಭದ್ರಾ ತೀರದ ಗ್ರಾಮದ ರೈತನು ಪೋಡಿಗಾಗಿ ಅಲೆದು, ಇನ್ನೊಂದು ದಿನದ ದುಡಿಮೆ ಹಾಳಾಗುವ ಭಯದಿಂದ ಕೊಟ್ಟರೆ ಅದು ಅಸಹಾಯಕತೆ. ಆದರೆ ಅನುಕೂಲಸ್ಥ ವರ್ತಕನು ತನ್ನ ಕಡತ ಮೊದಲು ಸಾಗಲೆಂದು ಕೊಟ್ಟರೆ ಅದು ಖರೀದಿ. ಅವನು ಕೊಂಡದ್ದು ಆ ರೈತನ ಸರದಿಯನ್ನು. ಪರರ ಸರದಿಯನ್ನು ಅಪಹರಿಸುವುದು ಚೌರ್ಯವಲ್ಲದೆ ಮತ್ತೇನು?

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಕಳವಿಗೆ ಪ್ರೇರಣೆ, ಕದ್ದ ಮಾಲಿನ ಸ್ವೀಕಾರ, ರಾಜ್ಯನಿಯಮದ ಉಲ್ಲಂಘನೆ, ಅಳತೆ ತೂಕಗಳಲ್ಲಿ ಮೋಸ, ಕಲಬೆರಕೆ. ಐದೂ ಪೇಟೆಯ ದೋಷಗಳೇ. ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚದ ದಿನ ಉಪವಾಸವಿದ್ದು, ಮರುದಿನ ಬಿಳಿ ಚೀಟಿಯ ಮೇಲೆ ಮಾಲು ಮಾರಿ ಎರಡು ಲೆಕ್ಕ ಬರೆಯುವ ಶ್ರಾವಕನಿಗೆ ಇದು ತಿಳಿಯದ ವಿಷಯವಲ್ಲ.

‘ಮಾಮೂಲು ಕೊಡದೆ ವ್ಯಾಪಾರ ನಡೆಯದು; ಎಲ್ಲರೂ ಮಾಡುತ್ತಾರೆ’ ಎಂಬುದು ಸಿದ್ಧ ಸಮಾಧಾನ. ಸೋವಿಯತ್ ದೇಶದಲ್ಲಿಯೂ ಇದೇ ಮಾತಿತ್ತು. ಅಂಗಡಿಯಲ್ಲಿ ಸಿಗದ ವಸ್ತುವನ್ನು ಪರಿಚಯದ ಬಲದಿಂದ ಪಡೆಯುವ ರೂಢಿಗೆ ಅಲ್ಲಿ ‘ಬ್ಲಾತ್’ ಎಂದು ಹೆಸರು. ಅಭಾವವೇ ಇದಕ್ಕೆ ಕಾರಣವೆಂದರು. 1991ರಲ್ಲಿ ಆ ಒಕ್ಕೂಟ ಅಳಿದು ಅಂಗಡಿಗಳು ತುಂಬಿದವು. ಆದರೂ ಕಾಣಿಕೆಯ ಪದ್ಧತಿ ಆಸ್ಪತ್ರೆ, ವಿದ್ಯಾಲಯ, ಪೊಲೀಸ್ ಠಾಣೆಗಳಲ್ಲಿ ಮುಂದುವರಿಯಿತು. ಅಭಾವ ನೀಗಿದರೂ ಅಭ್ಯಾಸ ನೀಗಲಿಲ್ಲ. ಆದರೆ ಅದೇ ಒಕ್ಕೂಟದಿಂದ ಬೇರ್ಪಟ್ಟ ಜಾರ್ಜಿಯಾ, 2003ರ ಕ್ರಾಂತಿಯ ತರುವಾಯ, ತನ್ನ ಸಂಚಾರಿ ಪೊಲೀಸ್ ಪಡೆಯನ್ನೇ ವಿಸರ್ಜಿಸಿ ಹೊಸ ಪಡೆಯನ್ನು ಕಟ್ಟಿತು. ರಸ್ತೆಯ ಲಂಚ ಬಹುಮಟ್ಟಿಗೆ ನಿಂತಿತು. ಆದುದರಿಂದ ಇದು ವಿಧಿಲಿಖಿತವಲ್ಲ.

ನಮ್ಮ ರಾಜ್ಯವೂ ಕೈಕಟ್ಟಿ ಕುಳಿತಿಲ್ಲ. ‘ಭೂಮಿ’ ಯೋಜನೆಯಿಂದ ಪಹಣಿ ಗ್ರಾಮಲೆಕ್ಕಿಗರ ಕೈಬರಹದಿಂದ ಗಣಕಯಂತ್ರಕ್ಕೆ ಬಂತು. 2011ರ ‘ಸಕಾಲ’ ಕಾಯ್ದೆ ಸೇವೆಗೆ ಗಡುವು ವಿಧಿಸಿ, ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ನಿಗದಿ ಮಾಡಿತು. ಕೇಂದ್ರದ ಭ್ರಷ್ಟಾಚಾರ ನಿರೋಧ ಕಾಯ್ದೆಗೆ 2018ರಲ್ಲಿ ಬಂದ ತಿದ್ದುಪಡಿಯು ಲಂಚ ಕೊಡುವುದನ್ನೂ ನೇರ ಅಪರಾಧವೆಂದು ಸಾರಿತು. ಬಲವಂತಕ್ಕೆ ಸಿಲುಕಿ ಕೊಟ್ಟವನು ಏಳು ದಿನಗಳೊಳಗೆ ದೂರು ನೀಡಿದರೆ ಅವನಿಗೆ ರಕ್ಷಣೆಯಿದೆ.

ಕಾನೂನು ಅಸಹಾಯಕನನ್ನೂ ಲಾಭಕೋರನನ್ನೂ ಬೇರ್ಪಡಿಸಿದೆ. ಆಚಾರ್ಯರು ಶತಮಾನಗಳ ಹಿಂದೆಯೇ ಎಚ್ಚರಿಸಿದ್ದರು. ಇನ್ನು ಉಳಿದದ್ದು ಇಷ್ಟೇ: ಪ್ರತಿ ಮಾರಾಟಕ್ಕೂ ಬಿಲ್ಲು, ಪ್ರತಿ ಅರ್ಜಿಗೂ ಸ್ವೀಕೃತಿ ಪತ್ರ, ಅಂಗಡಿಗೆ ಒಂದೇ ಲೆಕ್ಕದ ಪುಸ್ತಕ. ಇಷ್ಟನ್ನು ಪಾಲಿಸಲಾರದವನು ಅಣುವ್ರತಿಯೆಂದು ಹೇಳಿಕೊಳ್ಳುವುದನ್ನಾದರೂ ಬಿಡಲಿ.