ನೀರಿನ ಜಗಳದಲ್ಲಿ ಮಕ್ಕಳ ಪಾಲು

ಹೇಮಾವತಿಯ ನೀರಿಗಾಗಿ ನಮ್ಮ ಜಿಲ್ಲೆಯಲ್ಲಿ ಅಣ್ಣತಮ್ಮಂದಿರೇ ಎದುರುಬದುರು ನಿಲ್ಲುವ ಕಾಲ ಬಂದಿದೆ. ತುಮಕೂರು ಶಾಖಾ ನಾಲೆಯಿಂದ ಕುಣಿಗಲಿಗೂ, ಅಲ್ಲಿಂದಾಚೆ ಮಾಗಡಿಗೂ ಕೊಳವೆಯ ಮೂಲಕ ನೇರವಾಗಿ ನೀರು ಒಯ್ಯುವ ಸುಮಾರು 1,000 ಕೋಟಿ ರೂಪಾಯಿಯ ಲಿಂಕ್ ಕೆನಾಲ್ ಕೆಲಸವನ್ನು ನಿಲ್ಲಿಸಬೇಕೆಂದು 2025ರ ಮೇ ತಿಂಗಳ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನ ರೈತರು ಬೀದಿಗಿಳಿದರು. ಸರ್ಕಾರದವರು ನಿಷೇಧಾಜ್ಞೆ ಹೊರಡಿಸಿದರು. ನಾಲೆಯ ಕೊನೆಯಲ್ಲಿರುವ ನಮಗೆ ನಮ್ಮ ಪಾಲು ಎಂದೂ ಪೂರ್ತಿಯಾಗಿ ಮುಟ್ಟಲಿಲ್ಲವೆಂಬುದು ಕುಣಿಗಲಿನವರ ದೂರು. ಮೇಲಿನಿಂದಲೇ ಕೊಳವೆ ಹಾಕಿ ಎಳೆದರೆ ನಮ್ಮ ಕೆರೆಗಳಿಗೆ ಉಳಿಯುವುದೇನೆಂಬುದು ಗುಬ್ಬಿಯವರ ಪ್ರಶ್ನೆ. ಎರಡರಲ್ಲಿಯೂ ಸತ್ಯಾಂಶವುಂಟು. ಆ ವ್ಯಾಜ್ಯವನ್ನು ಇಲ್ಲಿ ತೀರ್ಮಾನಿಸಲು ನಾನು ಹೊರಟಿಲ್ಲ.

ನಾನು ಕೇಳಬೇಕೆಂದಿರುವುದು ಬೇರೆ. ಈ ಜಗಳದಲ್ಲಿ ಟಿ.ಎಂ.ಸಿ. ಲೆಕ್ಕ ಬಂತು, ಎಕರೆ ಲೆಕ್ಕ ಬಂತು, ಕೊಳವೆಯ ಅಡ್ಡಳತೆ ಬಂತು, ಗುತ್ತಿಗೆಯ ಮೊತ್ತ ಬಂತು. "ಕುಡಿಯುವ ನೀರು" ಎಂಬ ಮಾತನ್ನಂತೂ ಎರಡು ಕಡೆಯವರೂ ಭಾಷಣದಲ್ಲಿ ಧಾರಾಳವಾಗಿ ಬಳಸಿದರು. ಆದರೆ ನಮ್ಮ ಜಿಲ್ಲೆಯ ಯಾವ ಊರಿನ ಅಂಗನವಾಡಿಯ ಮಗು ಇವತ್ತು ಯಾವ ನೀರು ಕುಡಿಯುತ್ತಿದೆ, ಆ ನೀರಿನಲ್ಲಿ ಏನಿದೆ ಎಂಬ ಪಟ್ಟಿಯನ್ನು ಯಾರಾದರೂ ಮೇಜಿನ ಮೇಲೆ ಇಟ್ಟರೇ? ನೀರಿನ ಪಾಲುದಾರರಲ್ಲಿ ಮೊದಲನೆಯವನು ಮತದಾರನಲ್ಲದ ಕಾರಣ ಅವನ ಹೆಸರು ಪಹಣಿಯಲ್ಲೂ ಇಲ್ಲ, ಭಾಷಣದಲ್ಲೂ ಇಲ್ಲ.

ತುಮಕೂರು ಪಟ್ಟಣದ ಮಗುವಿಗೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿಯ ನೀರು ನಲ್ಲಿಯಲ್ಲಿ ಬರುತ್ತದೆ. ದಿನ ಬಿಟ್ಟು ದಿನವೋ, ವಾರಕ್ಕೊಮ್ಮೆಯೋ, ಹೇಗಾದರಾಗಲಿ, ಅದು ಹೊಳೆಯ ನೀರು. ಅದೇ ಜಿಲ್ಲೆಯ ಪಾವಗಡ, ಶಿರಾ, ಮಧುಗಿರಿ ಕಡೆಯ ಹಳ್ಳಿಗಳ ಮಗು ಹುಟ್ಟಿದಂದಿನಿಂದ ಕೊಳವೆಬಾವಿಯ ನೀರು ಕುಡಿದಿದೆ. ನಾನು ಮೇಷ್ಟರಾಗಿದ್ದಾಗ ಆ ಸೀಮೆಯ ಒಂದು ಶಾಲೆಯಲ್ಲಿ ಒಂದು ವಿಷಯ ಕಂಡಿದ್ದೆ. ಹುಡುಗಿಯರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ನಾಚಿಕೆಯ ಸ್ವಭಾವವೆಂದು ಹೊರಗಿನಿಂದ ಬಂದವರು ತಿಳಿಯಬಹುದು. ಹಾಗಲ್ಲ. ಅವರ ಮುಂಬಲ್ಲುಗಳ ಮೇಲೆ ಕಂದು ಬಣ್ಣದ ಪಟ್ಟೆಗಳಿದ್ದವು. ಬೇವಿನ ಕಡ್ಡಿ, ಇದ್ದಿಲಪುಡಿ, ಇಟ್ಟಿಗೆಪುಡಿ, ಯಾವುದರಿಂದ ಉಜ್ಜಿದರೂ ಅವು ಹೋಗುವುದಿಲ್ಲ. ಕೊಳಕು ಹಲ್ಲಿನವಳೆಂದು ಮದುವೆಯ ಮಾತುಕತೆಯಲ್ಲಿ ಅನ್ನಿಸಿಕೊಳ್ಳುವವಳೂ ಅವಳೇ.

ಇದಕ್ಕೆ ಕಾರಣ ಫ್ಲೋರೈಡು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿಯೂ ತಿಳಿಯುವುದಿಲ್ಲ. ಕುದಿಸಿದರೆ ಹೋಗುವ ಬದಲು ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದ ಕಡೆ 1.5ರವರೆಗೆ ಸಹಿಸಬಹುದು ಎಂದು ನಮ್ಮ ದೇಶದ ಮಾನಕ ಹೇಳುತ್ತದೆ. ಮಗುವಿಗೆ ಎಂಟು ವರ್ಷವಾಗುವಷ್ಟರಲ್ಲಿ ಒಸಡಿನೊಳಗೆ ಶಾಶ್ವತ ಹಲ್ಲಿನ ಮೇಲುಹೊದಿಕೆ ಬಹುಮಟ್ಟಿಗೆ ಕಟ್ಟಿ ಮುಗಿದಿರುತ್ತದೆ. ಆ ಎಂಟು ವರ್ಷ ಕುಡಿದ ನೀರು ಆ ಹಲ್ಲಿನಲ್ಲಿ ಅಚ್ಚಾಗುತ್ತದೆ. ಆಮೇಲೆ ಗಂಗೆಯನ್ನೇ ತಂದು ಕುಡಿಸಿದರೂ ಅಳಿಸಿಹೋಗುವುದಿಲ್ಲ. ಪ್ರಮಾಣ ಇನ್ನೂ ಹೆಚ್ಚಿದ್ದು ವರ್ಷಾನುಗಟ್ಟಲೆ ಮುಂದುವರಿದರೆ ಅದು ಮೂಳೆಗೆ ಇಳಿಯುತ್ತದೆ, ಕೀಲು ಬಿಗಿಯುತ್ತದೆ, ನಡುವಯಸ್ಸಿನಲ್ಲೇ ಬೆನ್ನು ಬಾಗುತ್ತದೆ. ಹಾಲು ತುಪ್ಪ ಕಾಣದ ಮನೆಯ ಮಗುವಿಗೆ ಈ ಪೆಟ್ಟು ಹೆಚ್ಚು, ಉಂಡುಟ್ಟ ಮನೆಯ ಮಗುವಿಗೆ ಕಡಿಮೆ. ಆದುದರಿಂದ ಇದನ್ನು ಬಂಡೆಯ ದೋಷ, ವಿಧಿಯ ದೋಷ ಎಂದು ಹೇಳಿ ಕೈತೊಳೆದುಕೊಳ್ಳಲಾಗದು.

ಬಂಡೆಯ ಪಾತ್ರವೂ ಇದೆ, ಸುಳ್ಳಲ್ಲ. ನಮ್ಮ ಬಯಲುಸೀಮೆಯ ಕರಿಕಲ್ಲು, ಬಿಳಿಕಲ್ಲುಗಳಲ್ಲಿ ಫ್ಲೋರೈಡಿನ ಖನಿಜಗಳಿವೆ. ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಈ ರೋಗವನ್ನು ಗುರುತಿಸಿ ವೈದ್ಯರು ಬರೆದದ್ದು 1937ರಷ್ಟು ಹಿಂದೆ. ಆದರೆ ನಮ್ಮ ಅಜ್ಜಂದಿರು ಕುಡಿದದ್ದು ಕೆರೆಯ ಕೆಳಗಿನ ತೆರೆದ ಬಾವಿಯ ನೀರು. ವರ್ಷವರ್ಷ ಮಳೆ ಬಂದು, ಕೆರೆ ತುಂಬಿ, ಇಂಗಿ ಬಂದ ಹೊಸ ನೀರು. ಕೆರೆಗಳ ಹೂಳು ತೆಗೆಯುವವರಿಲ್ಲದೆ, ರಾಜಕಾಲುವೆಗಳು ಒತ್ತುವರಿಯಾಗಿ, ತೆರೆದ ಬಾವಿಗಳು ಬತ್ತಿದ ಮೇಲೆ ಕೊಳವೆಬಾವಿ ಬಂತು. 200 ಅಡಿ, 500 ಅಡಿ, ಈಗ ಸಾವಿರ ಅಡಿ. ಆ ಆಳದ ನೀರು ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತು ಬಂಡೆಯನ್ನು ಕರಗಿಸಿಕೊಂಡ ನೀರು. ಮೊಮ್ಮಕ್ಕಳಿಗೆ ಸೇರಬೇಕಾದ ನೀರನ್ನು ಈವತ್ತೇ ಮೇಲೆತ್ತಿ, ಅದರ ಜೊತೆಗೆ ಬಂದ ವಿಷವನ್ನು ಮಕ್ಕಳಿಗೆ ಕುಡಿಸುತ್ತಿದ್ದೇವೆ. "ಸುಸ್ಥಿರ ಅಭಿವೃದ್ಧಿ" ಎಂದು ವಿಶ್ವಸಂಸ್ಥೆಯವರು 2015ರಲ್ಲಿ 17 ಗುರಿಗಳನ್ನು ಗೊತ್ತುಮಾಡಿದರಲ್ಲವೇ, ಅದರ ಅರ್ಥ ತಿಳಿಯಲು ನಮ್ಮ ಸೀಮೆಯ ಒಂದು ಕೊಳವೆಬಾವಿಯ ಆಳ ಅಳೆದರೆ ಸಾಕು.

ಇಲ್ಲಿ ನಮ್ಮವರಿಗೂ ಒಂದು ಮಾತು ಹೇಳಬೇಕು, ಕೆಲವರಿಗೆ ಕಹಿಯಾದೀತು. ತೆಂಗು ಅಡಕೆ ಉಳಿಸಿಕೊಳ್ಳಲು ಸಣ್ಣ ರೈತ ಸಾಲ ಮಾಡಿ ಕೊಳವೆಬಾವಿ ಕೊರೆಸುತ್ತಾನೆ, ನೀರು ಸಿಗದೆ ಇನ್ನೊಂದು ಕೊರೆಸುತ್ತಾನೆ, ಅವನ ಸಂಕಟ ನಮ್ಮದೇ ಸಂಕಟ. ಆದರೆ ಊರ ಕುಡಿಯುವ ನೀರಿನ ಬಾವಿಯ ಪಕ್ಕದಲ್ಲೇ ಸಾವಿರ ಅಡಿ ಕೊರೆಸಿ ಹತ್ತಾರು ಎಕರೆ ತೋಟಕ್ಕೆ ಹರಿಸುವ ಧಣಿಯ ಸಂಕಟ ಬೇರೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೆಗೆಯಕೂಡದೆಂದು 1999ರಲ್ಲೇ ಕರ್ನಾಟಕದಲ್ಲಿ ಕಾಯಿದೆಯಾಗಿದೆ. ಆ ಕಾಯಿದೆಯನ್ನು ತೋರಿಸಿ ನಿಮ್ಮ ಊರಲ್ಲಿ ಒಂದಾದರೂ ರಿಗ್ ಲಾರಿಯನ್ನು ಹಿಂದಕ್ಕೆ ಕಳಿಸಿದ್ದು ನೀವು ಕಂಡಿದ್ದೀರಾ?

ಮಾಗಡಿಯ ಹೆಸರು ಮೇಲೆ ಬಂತು. ಈ ಹೆಸರು ಪೂರ್ವ ಆಫ್ರಿಕದಲ್ಲಿಯೂ ಉಂಟು. ಕೀನ್ಯಾ ದೇಶದಲ್ಲಿ ಮಾಗಡಿ ಎಂಬ ಸೋಡಾ ಸರೋವರವೇ ಇದೆ. ಸ್ವಾಹಿಲಿ ಭಾಷೆಯಲ್ಲಿ ಮಾಗಡಿಯೆಂದರೆ ನೆಲದ ಮೇಲೆ ಸಿಗುವ ಸೋಡಾ ಉಪ್ಪು. ನೆರೆಯ ಟಾಂಜಾನಿಯಾದ ಹೆಂಗಸರು ಕಾಳು ಬೇಗ ಬೇಯಲೆಂದು, ನಾವು ಅಡಿಗೆಸೋಡಾ ಹಾಕುವಂತೆ, ಅದನ್ನು ಒಂದು ಚಿಟಿಕೆ ಹಾಕುತ್ತಾರೆ. ಆ ಉಪ್ಪಿನಲ್ಲಿ ಫ್ಲೋರೈಡು ತುಂಬಿರುತ್ತದೆ. ಅಲ್ಲಿಯ ಆರೂಷಾ ಪಟ್ಟಣ ಮೇರು ಎಂಬ ಪರ್ವತದ ಬುಡದಲ್ಲಿದೆ. ಹೆಸರು ನಮ್ಮ ಪುರಾಣದ್ದು, ಬೆಟ್ಟ ಜ್ವಾಲಾಮುಖಿ. ಅದರ ಕಲ್ಲುಗಳಿಂದ ಬರುವ ಒರತೆಯಲ್ಲೂ ಹಳ್ಳದಲ್ಲೂ ಅದೇ ಫ್ಲೋರೈಡು. "ಮಾಜಿ ಯಾ ಚಾಯ್", ಅಂದರೆ ಚಹಾದ ನೀರು, ಎಂಬ ಹೆಸರಿನ ಕಂದು ಬಣ್ಣದ ಹೊಳೆಯೊಂದು ಅಲ್ಲಿದೆ. ಆ ಹೊಳೆಯ ದಡದ ಮಕ್ಕಳ ಹಲ್ಲೂ ನಮ್ಮ ಪಾವಗಡದ ಮಕ್ಕಳ ಹಲ್ಲೂ ಒಂದೇ.

ಅದೇ ಆರೂಷಾದಲ್ಲಿ 1967ರ ಫೆಬ್ರುವರಿಯಲ್ಲಿ ಜೂಲಿಯಸ್ ನೈರೆರೆಯವರ ಪಕ್ಷ ಸಮಾಜವಾದದ ಘೋಷಣೆ ಹೊರಡಿಸಿತು. 1971ರಲ್ಲಿ ಅವರ ಸರ್ಕಾರ ಇಪ್ಪತ್ತು ವರ್ಷದೊಳಗೆ ಹಳ್ಳಿಹಳ್ಳಿಗೂ ನೀರು ಕೊಡುವ ಕಾರ್ಯಕ್ರಮ ಕೈಗೊಂಡಿತು. ದೊಡ್ಡ ಮನಸ್ಸಿನ ಕಾರ್ಯಕ್ರಮವದು. ಆದರೆ ಫ್ಲೋರೈಡನ್ನು 1.5ಕ್ಕೆ ಇಳಿಸಬೇಕೆಂದು ಹಟ ಹಿಡಿದರೆ ಅರ್ಧ ಉತ್ತರ ಸೀಮೆಗೆ ನೀರೇ ಇಲ್ಲವೆಂದು ಹಳ್ಳಿಗಾಡಿಗೆ ಲೀಟರಿಗೆ 8 ಮಿಲಿಗ್ರಾಂವರೆಗೆ ಒಪ್ಪಿಕೊಂಡರು. ಆ ತಾತ್ಕಾಲಿಕ ರಿಯಾಯಿತಿ ದಶಕಗಟ್ಟಲೆ ನಿಂತಿತು. ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನೀರೇ ಇಲ್ಲದವನ ಕಷ್ಟ ಅವರ ಕಣ್ಣೆದುರಿಗಿತ್ತು. ಆದರೆ "ಮೊದಲು ನೀರು ಬರಲಿ, ಒಳ್ಳೆಯ ನೀರು ಆಮೇಲೆ" ಎಂದಾಗ ಆ ಆಮೇಲಿನ ಬೆಲೆ ತೆತ್ತವರು ಆಗ ಹುಟ್ಟಿದ ಮಕ್ಕಳು. ನಮ್ಮಲ್ಲಿ 2019ರಿಂದ ಮನೆಮನೆಗೆ ನಲ್ಲಿ ಹಾಕುವ ಜಲಜೀವನ್ ಯೋಜನೆ ನಡೆದಿದೆ. ಶಾಲೆಗಳಿಗೂ ಅಂಗನವಾಡಿಗಳಿಗೂ ನೂರು ದಿನದಲ್ಲಿ ನಲ್ಲಿ ಹಾಕಿಸುತ್ತೇವೆಂದು 2020ರ ಅಕ್ಟೋಬರ್ 2ರಂದು ಹೊರಟರು. ನಲ್ಲಿ ಎಣಿಸುವವರಿದ್ದಾರೆ. ನಲ್ಲಿಯ ಹಿಂದೆ ಯಾವ ಬಾವಿಯಿದೆಯೆಂದು ಕೇಳುವವರು ಬೇಕು.

ಇನ್ನು ಪಾವಗಡದ ಸೌರ ಉದ್ಯಾನದ ವಿಚಾರ. ತಿರುಮಣಿ ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ವಿದ್ಯುತ್ತು. 2018ರಲ್ಲಿ ಉದ್ಘಾಟನೆಯಾದಾಗ ಜಗತ್ತೇ ನೋಡುವಂತಹ ಸುಸ್ಥಿರ ಅಭಿವೃದ್ಧಿಯೆಂದು ಹೊಗಳಿದರು. ಹೊಗೆಯಿಲ್ಲದ ವಿದ್ಯುತ್ತು ಬೇಡವೆನ್ನುವ ಮೂರ್ಖ ನಾನಲ್ಲ. ರೈತನ ಭೂಮಿ ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗೇಣಿಗೆ ಹಿಡಿದದ್ದೂ ಮೆಚ್ಚತಕ್ಕದ್ದೇ. (ಗೇಣಿದಾರರ ಹೋರಾಟ ಕಂಡ ನಾಡಿನಲ್ಲಿ ಸರ್ಕಾರವೇ ಗೇಣಿದಾರನಾದದ್ದು ಒಂದು ವಿನೋದ!) ಆದರೆ ಭೂಮಿಯಿಲ್ಲದ ಕೂಲಿಕಾರನಿಗೆ ಗೇಣಿ ಎಲ್ಲಿಂದ ಬರಬೇಕು? ಅವನಿಗೆ ಕಳೆ ಕೀಳುವ ಕೂಲಿಯೂ ಹೋಯಿತು, ಕುರಿ ಮೇಯಿಸುವ ಬೀಳೂ ಹೋಯಿತು. ಸೂರ್ಯನಿಂದ ಬೆಂಗಳೂರಿಗೆ ಬೆಳಕು ಕಳಿಸಿದ ಸೀಮೆಗೆ ಹೊಳೆಯ ನೀರು ಬರಲು ಇನ್ನೂ ಏಳು ವರ್ಷ ಕಾಯಬೇಕಾಯಿತು. ತುಂಗಭದ್ರೆಯ ಹಿನ್ನೀರಿನಿಂದ ಪಾವಗಡಕ್ಕೂ ಚಿತ್ರದುರ್ಗ, ಬಳ್ಳಾರಿ ಕಡೆಯ ತಾಲ್ಲೂಕುಗಳಿಗೂ ನೀರು ತರುವ, ಎರಡು ಸಾವಿರ ಕೋಟಿಗೂ ಮೀರಿದ ಯೋಜನೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ಸ್ವಾಗತಿಸೋಣ. ಜೊತೆಗೆ ಒಂದು ಲೆಕ್ಕವನ್ನೂ ಮಾಡೋಣ: ಸೌರ ಉದ್ಯಾನ ಉದ್ಘಾಟನೆಯಾದ ವರ್ಷ ಹುಟ್ಟಿದ ಮಗುವಿಗೆ ಆ ಜುಲೈಯಲ್ಲಿ ಏಳು ವರ್ಷ. ಅದರ ಹಲ್ಲು ಆಗಲೇ ಕಟ್ಟಿ ಮುಗಿಯುತ್ತ ಬಂದಿತ್ತು.

ಈ ನಡುವೆ ಸರ್ಕಾರ ಕೊಟ್ಟದ್ದು ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕಿದರೆ 20 ಲೀಟರು. ಕೆಲಸ ಮಾಡುವ ಕಡೆ ಅದರಿಂದ ಉಪಕಾರವಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಕೆಟ್ಟರೆ ರಿಪೇರಿಗೆ ತಿಂಗಳುಗಟ್ಟಲೆ ದಿಕ್ಕಿಲ್ಲ. ಶುದ್ಧ ಮಾಡಿ ಬಿಟ್ಟ ನೀರಿನ ಜೊತೆಗೆ ಗಟ್ಟಿಯಾದ ಕೊಳೆನೀರನ್ನು ಚರಂಡಿಗೆ ಬಿಟ್ಟು ಮತ್ತೆ ಅದೇ ನೆಲಕ್ಕೆ ಇಂಗಿಸುತ್ತಾರೆ. ಕೂಲಿಯವರ ಮನೆಯಲ್ಲಿ ಕ್ಯಾನಿನ ನೀರು ಕುಡಿಯಲು ಮಾತ್ರ. ಮುದ್ದೆಗೆ, ಸಾರಿಗೆ ಕೊಳವೆಬಾವಿಯ ನೀರೇ. ಮಗು ಲೋಟದಲ್ಲಿ ತಪ್ಪಿಸಿಕೊಂಡದ್ದನ್ನು ತಟ್ಟೆಯಲ್ಲಿ ತಿನ್ನುತ್ತದೆ.

ಪರಿಹಾರಗಳು ಆಕಾಶದಲ್ಲಿಲ್ಲ. ಪಟಿಕವನ್ನೂ ಸುಣ್ಣವನ್ನೂ ಹಾಕಿ ಫ್ಲೋರೈಡು ಇಳಿಸುವ ನಲಗೊಂಡ ಪದ್ಧತಿಯನ್ನು ನಾಗಪುರದ ಸಂಶೋಧಕರು 1970ರ ದಶಕದಲ್ಲೇ ಕಂಡುಹಿಡಿದರು. ಅದು ಇಲ್ಲಿಂದ ಟಾಂಜಾನಿಯಾಕ್ಕೂ ಇಥಿಯೋಪಿಯಾಕ್ಕೂ ಹೋಯಿತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯವರು ಶಾಲಾ ಹುಡುಗರಿಗೆ ದಿನವೂ ಹುಣಿಸೆಹಣ್ಣು ತಿನ್ನಿಸಿ ನೋಡಿ, ಅವರ ಮೂತ್ರದಲ್ಲಿ ಹೆಚ್ಚು ಫ್ಲೋರೈಡು ಹೊರಹೋಗುವುದನ್ನು 2002ರಲ್ಲಿ ಪ್ರಕಟಿಸಿದರು. ಹುಣಿಸೆಗೆ ನಮ್ಮ ಜಿಲ್ಲೆಯಲ್ಲಿ ಬರವೇ? 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು, ನಮ್ಮ ನೆಲದ ರಾಗಿ, ಮೊಟ್ಟೆ, ಇವುಗಳನ್ನು ಅನೇಕರು ಪುಕ್ಕಟೆ ಊಟವೆಂದು ಹಗುರವಾಗಿ ಮಾತನಾಡುತ್ತಾರೆ. ಸುಣ್ಣದ ಅಂಶವುಳ್ಳ ಊಟ ಈ ವಿಷದ ಎದುರು ಬಡಮಗುವಿಗಿರುವ ಗುರಾಣಿ. ಆ ಹಾಲಿನ ಪುಡಿ ಸಂತೆಯಲ್ಲಿ ಮಾರಾಟವಾಗದಂತೆ ಕಾಯುವುದೂ ನಮ್ಮ ಕೆಲಸ.

ಎಲ್ಲಕ್ಕಿಂತ ಹತ್ತಿರದ್ದು ಶಾಲೆಯ ಮಾಳಿಗೆ. ಮಳೆಯ ನೀರಿನಲ್ಲಿ ಫ್ಲೋರೈಡು ಇಲ್ಲವೆಂದೇ ಹೇಳಬೇಕು. 2006ರಲ್ಲಿ, ಕರ್ನಾಟಕಕ್ಕೆ ಐವತ್ತು ತುಂಬಿದ ಸಂದರ್ಭದಲ್ಲಿ, ಸುವರ್ಣ ಜಲವೆಂಬ ಹೆಸರಿನಲ್ಲಿ 23 ಸಾವಿರಕ್ಕೂ ಹೆಚ್ಚು ಹಳ್ಳಿಯ ಶಾಲೆಗಳಲ್ಲಿ ಮಾಳಿಗೆಯ ಮಳೆನೀರು ಹಿಡಿಯುವ ತೊಟ್ಟಿ ಕಟ್ಟಲು ಹೊರಟಿದ್ದರು. ಈಗ ಹೋಗಿ ನೋಡಿದರೆ ಹಲವು ಕಡೆ ಪೈಪು ಮುರಿದಿದೆ, ತೊಟ್ಟಿಯಲ್ಲಿ ಹರಿದ ಬೆಂಚು ತುಂಬಿದೆ. ಗುತ್ತಿಗೆದಾರನಿಗೆ ಬಿಲ್ಲು ಸಂದಿತು, ಸೋಸುವ ಮರಳು ಬದಲಾಯಿಸಲು ವರ್ಷಕ್ಕೆ ನಾಲ್ಕು ಕಾಸು ಯಾರೂ ಇಡಲಿಲ್ಲ. ಆ ತೊಟ್ಟಿಗಳನ್ನು ಮೊದಲು ರಿಪೇರಿ ಮಾಡಿಸಲಿ. ಹೇಮಾವತಿಯಾಗಲಿ ತುಂಗಭದ್ರೆಯಾಗಲಿ, ನೀರು ಮುಟ್ಟಿದ ಊರಲ್ಲಿ ಮೊದಲ ಸಂಪರ್ಕ ಅಂಗನವಾಡಿಗೂ ಶಾಲೆಯ ಅಡಿಗೆಮನೆಗೂ ಆಗಲಿ, ಆಮೇಲೆ ಉಳಿದವರಿಗೆ. ಗುಬ್ಬಿಯವರೂ ಕುಣಿಗಲಿನವರೂ ಮಿಕ್ಕೆಲ್ಲಕ್ಕೂ ಜಗಳವಾಡಿದರೂ ಇದೊಂದಕ್ಕೆ ಒಟ್ಟಿಗೆ ಸಹಿ ಹಾಕಬಲ್ಲರೆಂದು ನನಗೆ ನಂಬಿಕೆಯಿದೆ.

ನೀರು ಪರೀಕ್ಷೆ ಮಾಡಲು ಹಳ್ಳಿಗೆ ಐದು ಜನ ಹೆಂಗಸರಿಗೆ ತರಬೇತು ಕೊಟ್ಟು ಪೆಟ್ಟಿಗೆ ಕೊಡಬೇಕೆಂಬುದು ಜಲಜೀವನ್ ಯೋಜನೆಯಲ್ಲೇ ಇದೆ. ನಿಮ್ಮ ಊರಿನ ಪೆಟ್ಟಿಗೆ ಎಲ್ಲಿದೆಯೆಂದು ಪಂಚಾಯಿತಿಯಲ್ಲಿ ಕೇಳಿರಿ. ಫ್ಲೋರೈಡು ಎಷ್ಟಿದೆಯೆಂಬ ಅಂಕಿಯನ್ನು, ಬಿಸಿಯೂಟದ ಪಟ್ಟಿ ಬರೆದಂತೆ, ಶಾಲೆಯ ಗೋಡೆಯ ಮೇಲೆ ತಾರೀಖಿನ ಸಮೇತ ಬರೆಯಿಸಿರಿ. ನಮ್ಮ ರಾಜ್ಯದಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ನಿಯಮವಿದೆ. ಅಲ್ಲಿ ಹಾಡು ಹೇಳಿಸಿ, ಬಿಸ್ಕತ್ತು ಹಂಚಿ ಕಳಿಸುವುದೇ ಹೆಚ್ಚು. ಈ ಸಲ ಮಕ್ಕಳೇ ಎದ್ದು ನಿಂತು ಆ ಅಂಕಿಯನ್ನು ಕೇಳಲಿ, ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ನಕಲು ಸಿಕ್ಕಿದವರು ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ ಊರಿನ ಹೆಸರಿನೊಡನೆ ವಾರವಾರವೂ ಅಚ್ಚು ಹಾಕುತ್ತೇವೆ.