ಅಂಕೆಗಳ ಹಾರ ಮತ್ತು ಅದರ ದಾರ

ಗಣಿತವೆಂದರೆ ಸೂತ್ರಗಳನ್ನು ಬಾಯಿಪಾಠ ಮಾಡಿ ಉತ್ತರವನ್ನೊಪ್ಪಿಸುವ ವಿದ್ಯೆಯೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಮಾತ್ರವಲ್ಲದೆ ಪೋಷಕರಲ್ಲಿಯೂ ಬೇರೂರಿದೆ. ಅದನ್ನು ಸಡಿಲಿಸಲು ನಮ್ಮ ನಾಡಿನ ಹಳೆಯದೊಂದು ಸಂಖ್ಯೆಯೇ ಸಾಕೆಂದು ನನ್ನ ಅಭಿಪ್ರಾಯ.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಅದರ ಗುಣಾಕಾರದ ಭಾಗದಲ್ಲಿ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ, ಕಂಠಹಾರದಂತಹ ಗುಣಲಬ್ಧಗಳನ್ನು ಕೊಡುವ ಲೆಕ್ಕಗಳಿವೆ. 27994681ನ್ನು 441ರಿಂದ ಗುಣಿಸಿದರೆ ದೊರೆಯುವ 12345654321 ಅವುಗಳಲ್ಲೊಂದು. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆಯನ್ನು ಕಂಡು ಬೆರಗಾಗದವರು ವಿರಳ.

ಆದರೆ ಬೆರಗಿನಲ್ಲಿಯೇ ನಿಂತರೆ ಅದು ಕಣ್ಕಟ್ಟಾದೀತು, ಗಣಿತವಾಗದು. ಈ ಸಂಖ್ಯೆ 111111ರ ವರ್ಗ. ಗುಣಾಕಾರವನ್ನು ಬರೆದು ನೋಡಿದರೆ, 111111 ಎಂಬ ಸಾಲು ಒಂದೊಂದು ಸ್ಥಾನ ಎಡಕ್ಕೆ ಸರಿಯುತ್ತ ಆರು ಬಾರಿ ಬರುತ್ತದೆ. ಒಂದೊಂದು ಸ್ಥಾನದಲ್ಲಿ ಕೂಡಬೇಕಾದ ಒಂದುಗಳು ಕ್ರಮವಾಗಿ ಆರರವರೆಗೆ ಹೆಚ್ಚಿ, ಅನಂತರ ಕಡಮೆಯಾಗುತ್ತವೆ. ಹಾರದ ಗುಟ್ಟು ಇಷ್ಟೇ. ಇನ್ನು 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ; 21 ಮತ್ತು 5291ರ ಗುಣಲಬ್ಧವೇ 111111. ಅವಿಭಾಜ್ಯಗಳಾದ 3, 7, 11, 13, 37 ಪ್ರತಿಯೊಂದೂ ನಮ್ಮ ಸಂಖ್ಯೆಯಲ್ಲಿ ಎರಡೆರಡು ಬಾರಿ ಅಡಗಿವೆ. ಆಕಸ್ಮಿಕವೆಂದು ತೋರಿದ ಅಂಕೆಗಳಿಗೆ ಹೀಗೊಂದು ದಾರವಿದೆ.

ಈ ಹಾರ ಎಲ್ಲಿಯವರೆಗೆ ಬೆಳೆದೀತು? ಒಂಬತ್ತು ಒಂದುಗಳ ವರ್ಗ 12345678987654321. ಹತ್ತು ಒಂದುಗಳಾದಾಗ ನಡುವಣ ಸ್ಥಾನದ ಮೊತ್ತ ಹತ್ತಾಗುತ್ತದೆ. ಕೈಯಲ್ಲಿ ಉಳಿದ ಒಂದು ಎಡಕ್ಕೆ ಸಾಗಿ, 1234567900987654321 ಬರುತ್ತದೆ. ಹಾರ ತುಂಡಾಯಿತು. ಆದರೆ ಕಾರಣವನ್ನು ಅರಿತ ಬಾಲಕನಿಗೆ ಇದು ಸೋಲಲ್ಲ. ಅದು ಎಲ್ಲಿ ತುಂಡಾಗುವುದೆಂದು ಅವನು ಮೊದಲೇ ಹೇಳಬಲ್ಲ. ಮಾದರಿಯನ್ನಷ್ಟೇ ಕಂಠಪಾಠ ಮಾಡಿದವನು ಹತ್ತನೆಯ ಮೆಟ್ಟಿಲಲ್ಲಿ ಎಡವುತ್ತಾನೆ. ಗುಣಲಬ್ಧವನ್ನು ಯಂತ್ರ ಕ್ಷಣದಲ್ಲಿ ಕೊಟ್ಟೀತು; ಈ ತಿಳಿವನ್ನು ಉಪಾಧ್ಯಾಯರೇ ಕೊಡಬೇಕು.

ಪಠ್ಯಕ್ರಮ ಮುಗಿಸುವ ಅವಸರದಲ್ಲಿ ಇದಕ್ಕೆಲ್ಲ ವೇಳೆಯೆಲ್ಲಿದೆಯೆಂದು ಉಪಾಧ್ಯಾಯರು ಕೇಳಬಹುದು. ಆ ಕಷ್ಟ ಸುಳ್ಳಲ್ಲ. ಆದರೂ ವಾರಕ್ಕೊಂದು ಅವಧಿಯನ್ನು ಅಂಕಗಳ ಹಂಗಿಲ್ಲದೆ 'ಏಕೆ' ಎಂಬ ಪ್ರಶ್ನೆಗೆ ಮೀಸಲಿಡುವುದು ಅಸಾಧ್ಯವೇನಲ್ಲ. ದಾನಿಗಳು ಕಟ್ಟಡಗಳೊಡನೆ ಗ್ರಂಥಾಲಯದ ಗಣಿತ ಪುಸ್ತಕಗಳನ್ನೂ ನೆನೆಯಲಿ. ಹಳೆಯ ವಿದ್ಯಾರ್ಥಿಗಳು ಬಹುಮಾನ ಇಡುವುದಾದರೆ, ಬೇಗ ಉತ್ತರಿಸಿದವರಿಗಲ್ಲದೆ ಕಾರಣವನ್ನು ಚೆನ್ನಾಗಿ ವಿವರಿಸಿದವರಿಗೆ ಇಡಲಿ.

ಪೂರ್ವಿಕರ ಕೀರ್ತಿಯನ್ನು ಭಾಷಣಗಳಲ್ಲಿ ಕೊಂಡಾಡುತ್ತ, ಅವರ ಒಂದು ಲೆಕ್ಕವನ್ನಾದರೂ ಮಾಡಿ ನೋಡದಿರುವುದು ಗೌರವವೆನಿಸದು. ಮಹಾವೀರಾಚಾರ್ಯರಿಗೆ ಸಲ್ಲಬೇಕಾದ ನಿಜವಾದ ಗೌರವ ನಮ್ಮ ಮಕ್ಕಳ ಕೈಯ ಸೀಮೆಸುಣ್ಣದಲ್ಲಿದೆ.