ಆಟದ ರೈಲೂ ರೈಲೇ

ರೈಲಿನ ಗೀಳು ಹಿಡಿದವರಲ್ಲಿ ಹಲವು ಬಗೆ. ಎಂಜಿನ್ ನಂಬರು ಬರೆದಿಟ್ಟುಕೊಳ್ಳುವವರಿದ್ದಾರೆ, ಕ್ಯಾಮೆರಾ ಹಿಡಿದು ತಿರುವಿನಲ್ಲಿ ಗಂಟೆಗಟ್ಟಲೆ ಕಾಯುವವರಿದ್ದಾರೆ, ಹಳೆಯ ಟೈಮ್‌ಟೇಬಲ್ ಕೂಡಿಡುವವರಿದ್ದಾರೆ, ಮನೆಯಲ್ಲೊಂದು ಕೋಣೆ ತೆರವು ಮಾಡಿ ಪುಟ್ಟ ಹಳಿ ಹಾಸುವವರಿದ್ದಾರೆ. ಇವರೆಲ್ಲ ಒಬ್ಬರನ್ನೊಬ್ಬರು ಒಪ್ಪುತ್ತಾರೆ. ಕಂಪ್ಯೂಟರಿನಲ್ಲಿ ರೈಲು ಓಡಿಸುವವನ ವಿಷಯ ಬಂದಾಗ ಮಾತ್ರ ಹಲವರ ದನಿ ಬದಲಾಗುತ್ತದೆ. ಅದು ವಿಡಿಯೊ ಗೇಮ್, ಅದಕ್ಕೂ ರೈಲಿಗೂ ಏನು ಸಂಬಂಧ ಎನ್ನುತ್ತಾರೆ. ಸಂಬಂಧ ಇದೆ, ಅದೂ ಉಳಿದ ಹವ್ಯಾಸಗಳು ಮುಟ್ಟಲಾರದ ಕಡೆಯಲ್ಲಿದೆ ಎಂಬುದು ನನ್ನ ವಾದ.

ಫೋಟೊ ತೆಗೆಯುವವನಿಗೆ ರೈಲು ಸಿಗುವುದು ಒಂದು ಕ್ಷಣ. ಪ್ರಯಾಣಿಕನಿಗೆ ಕಿಟಕಿಯಾಚೆಯ ಊರುಕೇರಿ ಸಿಗುತ್ತದೆ, ಮುಂದಿನ ಸಿಗ್ನಲ್ ಕಾಣುವುದಿಲ್ಲ. ಮಾದರಿ ರೈಲು ಕಣ್ಣಿಗೆ ಹಬ್ಬ, ಆದರೆ ಅದಕ್ಕೆ ತೂಕವಿಲ್ಲ. ಗುಂಡಿ ತಿರುಗಿಸಿದರೆ ಗೇಣಿನೊಳಗೆ ನಿಲ್ಲುತ್ತದೆ. ರೈಲು ರೈಲಾಗಿರುವುದೇ ತೂಕದಿಂದ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ, ನಡುವೆ ಅತಿ ಕಡಿಮೆ ಘರ್ಷಣೆ. ಸಾವಿರಾರು ಟನ್ ಹೊರೆಯನ್ನು ಸಲೀಸಾಗಿ ಎಳೆಯಲು ಬಿಡುವ ಗುಣವೂ ಅದೇ, ಬೇಕೆಂದಲ್ಲಿ ನಿಲ್ಲಿಸಲು ಬಿಡದ ಗುಣವೂ ಅದೇ. ಇದನ್ನು ಓದಿ ತಿಳಿಯಬಹುದು. ಕೈಗೆ ಗೊತ್ತಾಗಬೇಕಾದರೆ ಓಡಿಸಬೇಕು.

ಪಶ್ಚಿಮ ಘಟ್ಟದಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ದಾರಿಯಲ್ಲಿ 57 ಸುರಂಗಗಳಿವೆ. ಘಾಟಿಯಲ್ಲಿ 50 ಮೀಟರ್ ಸಾಗಿದರೆ ಒಂದು ಮೀಟರ್ ಇಳಿಯುವಷ್ಟು ಕಡಿದು. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವಲ್ಲಿ ಇನ್ನೂ ಕಡಿದು, 37ಕ್ಕೆ ಒಂದು. ರೈಲು ಓಡಿಸುವ ಕಂಪ್ಯೂಟರ್ ಆಟದಲ್ಲಿ, ಅಂದರೆ ಸಿಮ್ಯುಲೇಟರಿನಲ್ಲಿ, ಇಂಥದೊಂದು ಇಳಿಜಾರಿನಲ್ಲಿ ಗೂಡ್ಸ್ ಗಾಡಿ ಇಳಿಸಿ ನೋಡಬೇಕು. ಹಿಂದೆ ನಲವತ್ತು ಚಿಲ್ಲರೆ ವ್ಯಾಗನ್‌ಗಳು. ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡ. ವೇಗದ ಮುಳ್ಳು 25 ದಾಟಿತು. ಹಿಡಿಕೆ ತಿರುಗಿಸಿ ಒತ್ತಡವನ್ನು ನಾಲ್ಕೂವರೆಗೆ ಇಳಿಸುತ್ತೀರಿ. ಏನೂ ಆಗುವುದಿಲ್ಲ. ಮುಳ್ಳು ಇನ್ನೂ ಏರುತ್ತಿದೆ. ಒತ್ತಡ ಇಳಿದದ್ದು ಕೊನೆಯ ವ್ಯಾಗನ್ನಿಗೆ ಮುಟ್ಟಲು ಕೆಲವು ಸೆಕೆಂಡು ಬೇಕು. ಬ್ಲಾಕುಗಳು ಗಾಲಿಯನ್ನು ಗಟ್ಟಿಯಾಗಿ ಕಚ್ಚಲು ಇನ್ನಷ್ಟು. ಆ ಹೊತ್ತಿನಲ್ಲಿ ಗಾಬರಿಬಿದ್ದು ಮತ್ತಷ್ಟು ಬ್ರೇಕ್ ಹಾಕಿದರೆ ಗಾಡಿ ಸುರಂಗದೊಳಗೆ ನಿಂತೇಬಿಡುತ್ತದೆ. ಹಾಕಿ ಬಿಟ್ಟು, ಹಾಕಿ ಬಿಟ್ಟು ಮಾಡಿದರೆ ವ್ಯಾಗನ್‌ಗಳ ಗಾಳಿ ಟ್ಯಾಂಕುಗಳು ಮತ್ತೆ ತುಂಬಲು ಪುರಸೊತ್ತಿಲ್ಲದೆ ಬ್ರೇಕಿನ ಬಲವೇ ಕುಂದುತ್ತದೆ. ಘಾಟಿ ಇಳಿಯುವ ರೈಲುಗಳು ಏಕೆ ಅಷ್ಟು ನಿಧಾನ, ಗೂಡ್ಸ್ ಗಾಡಿ ಏಕೆ ಸ್ಟೇಷನ್ನಿಗೆ ಬಹಳ ಮೊದಲೇ ವೇಗ ಕಳೆದುಕೊಳ್ಳುತ್ತದೆ, ಮುಂಚಿತವಾಗಿ ಎಚ್ಚರಿಸುವ ಸಿಗ್ನಲ್ಲಿನ ಎರಡು ಹಳದಿ ದೀಪಕ್ಕೆ ಅಷ್ಟು ಬೆಲೆ ಏಕೆ ಎಂಬುದು ಆಗ ಒಮ್ಮೆಲೇ ಹೊಳೆಯುತ್ತದೆ. ಆಮೇಲೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ನಿಜವಾದ ಗಾಡಿ ನೋಡುವ ಕಣ್ಣೇ ಬೇರೆ. 24 ಬೋಗಿಗಳ ರೈಲೊಂದು ಜರ್ಕಿಲ್ಲದೆ, ಬೋಗಿ ಬೋರ್ಡಿನ ಎದುರಿಗೇ ಬೋಗಿ ಬರುವಂತೆ ನಿಂತರೆ, ಮುಂದೆ ಕೂತವರ ಕೈಯ ಹದ ಎಂಥದು ಎಂದು ಗೊತ್ತಾಗುತ್ತದೆ.

ಆಟವೂ ರೈಲೂ ಬೇರೆ ಬೇರೆ ಎನ್ನುವವರು ಕಂಪ್ಯೂಟರ್ ಆಟದ ಚರಿತ್ರೆಯನ್ನೂ ನೋಡಬೇಕು. ಅಮೆರಿಕದ ಎಂಐಟಿಯಲ್ಲಿ 1940ರ ದಶಕದಲ್ಲಿ ಹುಟ್ಟಿದ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ಬಿನ ಹುಡುಗರು ಟೆಲಿಫೋನ್ ರಿಲೇಗಳಿಂದ ತಮ್ಮ ಮಾದರಿ ರೈಲಿನ ನಿಯಂತ್ರಣ ವ್ಯವಸ್ಥೆ ಕಟ್ಟಿದರು. ಅದೇ ಗುಂಪಿನವರು ಕಂಪ್ಯೂಟರಿಗೆ ಅಂಟಿಕೊಂಡರು. 1962ರಲ್ಲಿ ಬಂದ 'ಸ್ಪೇಸ್‌ವಾರ್' ಎಂಬ ಪ್ರಸಿದ್ಧ ಆಟ ಬರೆದ ಸ್ಟೀವ್ ರಸೆಲ್ ಆ ಕ್ಲಬ್ಬಿನ ಸದಸ್ಯ. ರೈಲಿನ ಹವ್ಯಾಸ ಕಂಪ್ಯೂಟರ್ ಆಟದ ಮನೆಗೆ ನೆಂಟನಾಗಿ ಬಂದದ್ದಲ್ಲ, ಆ ಮನೆಗೆ ಅಡಿಪಾಯ ಹಾಕಿದವರಲ್ಲೇ ಒಬ್ಬ.

2001ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಟ್ರೇನ್ ಸಿಮ್ಯುಲೇಟರಿನಲ್ಲಿ ಆರು ಮಾರ್ಗಗಳಿದ್ದವು. ಅವುಗಳಲ್ಲೊಂದು ಜಪಾನಿನ ಹಿಸಾತ್ಸು ಮಾರ್ಗ. ಅಲ್ಲಿನ ಒಕೊಬಾ ಎಂಬಲ್ಲಿ ಹಳಿ ಬೆಟ್ಟವನ್ನು ಸುತ್ತು ಹಾಕುತ್ತದೆ, ಆ ಸುತ್ತಿನ ನಡುವೆಯೇ ಗಾಡಿ ಹಿಂದೆ ಮುಂದೆ ಸರಿದು ಮೇಲೇರಬೇಕು. 2020ರ ಜುಲೈ ಪ್ರವಾಹ ಆ ಮಾರ್ಗದ ದೊಡ್ಡ ಭಾಗವನ್ನು ಹಾಳುಮಾಡಿತು, ಅಲ್ಲಿ ಸಂಚಾರ ನಿಂತಿತು. ಆಟದಲ್ಲಿ ಮಾತ್ರ ಇಂದಿಗೂ ಒಕೊಬಾದ ಬೆಟ್ಟ ಹತ್ತಬಹುದು. ಮೈಕ್ರೋಸಾಫ್ಟ್ ಈ ಆಟವನ್ನು ಕೈಬಿಟ್ಟ ಮೇಲೂ ಹವ್ಯಾಸಿಗಳು ಬಿಡಲಿಲ್ಲ. 'ಓಪನ್ ರೈಲ್ಸ್' ಎಂಬ ಉಚಿತ ತಂತ್ರಾಂಶ ಕಟ್ಟಿ ಆ ಹಳೆಯ ಮಾರ್ಗಗಳನ್ನು ಜೀವಂತವಾಗಿಟ್ಟರು. ಭಾರತದ ಡಬ್ಲ್ಯುಡಿಎಂ ಡೀಸೆಲ್ ಎಂಜಿನ್‌ಗಳನ್ನೂ ಡಬ್ಲ್ಯುಎಪಿ-4ರಂಥ ವಿದ್ಯುತ್ ಎಂಜಿನ್‌ಗಳನ್ನೂ ನಮ್ಮ ಹುಡುಗರೇ ಸಂಬಳವಿಲ್ಲದೆ ರಾತ್ರಿ ಕೂತು ತಯಾರಿಸಿ ಹಂಚಿದ್ದಾರೆ. ಒಂದು ಎಂಜಿನ್ನಿನ ಹಾರ್ನ್ ಸರಿಯಾಗಿ ಕೇಳಿಸಬೇಕೆಂದು ಪಡುವ ಆ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಹಾಸನ–ಮಂಗಳೂರು, ಶಿವಮೊಗ್ಗ–ತಾಳಗುಪ್ಪದಂಥ ಮೀಟರ್‌ಗೇಜ್ ಮಾರ್ಗಗಳು ಬ್ರಾಡ್‌ಗೇಜ್ ಆದವು. ಆಗಿನ ಗಾಡಿ ಹೇಗೆ ಓಡುತ್ತಿತ್ತು ಎಂಬುದನ್ನು ಮ್ಯೂಸಿಯಂನಲ್ಲಿ ನಿಂತ ಎಂಜಿನ್ ಹೇಳಲಾರದು, ಇಂಥ ಆಟ ಹೇಳಬಲ್ಲದು.

ಆಟದಲ್ಲಿ ಯಾರ ಪ್ರಾಣವೂ ಪಣದಲ್ಲಿಲ್ಲ ಎಂಬ ಆಕ್ಷೇಪ ನಿಜ, ಗಂಭೀರವಾದದ್ದೂ ಹೌದು. ನಿದ್ದೆಗೆಟ್ಟ ಕಣ್ಣು, ಎಂಜಿನ್ನಿನ ಕಾವು, ಹಳಿ ದಾಟುವ ಮನುಷ್ಯನನ್ನು ಕಂಡೂ ಗಾಡಿ ನಿಲ್ಲಿಸಲಾಗದ ಸಂಕಟ, ಇವು ಲೋಕೊ ಪೈಲಟ್‌ಗಳ ಪಾಲಿನವು. ಯಾವ ಪರದೆಯೂ ಅವನ್ನು ಕೊಡಲಾರದು. ಆಟ ಆಡಿದವನು ರೈಲು ಓಡಿಸಬಲ್ಲೆನೆಂದುಕೊಂಡರೆ ಅದು ಅಹಂಕಾರ. ಆದರೆ ಹವ್ಯಾಸಿಗೆ ಬೇಕಾದದ್ದು ಚಾಲಕನ ಕೆಲಸವಲ್ಲ, ಆ ಕೆಲಸದ ಅರಿವು. ಸಕಲೇಶಪುರದ ಸುರಂಗಗಳಲ್ಲಿ ಹಳಿಯ ಮೇಲೆ ನಡೆದು ರೈಲಿನ ಅನುಭವ ಪಡೆಯಹೊರಟವರಿಗೆ ಹೋಲಿಸಿದರೆ ಸಿಮ್ಯುಲೇಟರಿನವನು ರೈಲಿಗೂ ಚಾಲಕನಿಗೂ ಹೆಚ್ಚು ಮರ್ಯಾದೆ ಕೊಟ್ಟಿದ್ದಾನೆ. ಆ ನಡಿಗೆ ಅಪರಾಧವೂ ಹೌದು, ಎದುರು ಬರುವ ಚಾಲಕನಿಗೆ ಮಾಡುವ ಹಿಂಸೆಯೂ ಹೌದು.

ಎಲ್ಲ ಆಟಗಳನ್ನೂ ನಾನು ಸಮರ್ಥಿಸುವುದಿಲ್ಲ. ಬೆರಳು ಸರಿಸಿದ ಕೂಡಲೇ ಕಾರಿನಂತೆ ನಿಲ್ಲುವ ಮೊಬೈಲ್ ರೈಲುಗಳಿವೆ. ಅವು ಮಕ್ಕಳಿಗೆ ರೈಲಿನ ಬಗ್ಗೆ ಸುಳ್ಳು ಕಲಿಸುತ್ತವೆ. ಅವಸರಪಟ್ಟವನನ್ನು ಸೋಲಿಸುವ, ಕೆಂಪು ದೀಪದೆದುರು ಹತ್ತು ನಿಮಿಷ ಸುಮ್ಮನೆ ಕೂರಿಸುವ ಆಟವೇ ರೈಲಿಗೆ ನಿಷ್ಠವಾದದ್ದು. ಲೋಕೊ ಪೈಲಟ್‌ಗಳ ತರಬೇತಿಗೆ ರೈಲ್ವೆ ಇಲಾಖೆಯೇ ಸಿಮ್ಯುಲೇಟರ್ ಬಳಸುತ್ತದೆ. ಮೈಸೂರಿನ ರೈಲ್ವೆ ಮ್ಯೂಸಿಯಂನಂಥ ಜಾಗದಲ್ಲಿ, ಉಗಿಬಂಡಿಯ ಪಕ್ಕದಲ್ಲೇ, ಗಾಳಿ ಬ್ರೇಕಿನ ಲೆಕ್ಕ ಸರಿಯಿರುವ ಒಂದು ಘಾಟಿ ಸಿಮ್ಯುಲೇಟರ್ ಇರಬೇಕು. ಶಾಲೆಯ ಮಕ್ಕಳು ಬಂದಾಗ ಗೂಡ್ಸ್ ಗಾಡಿಯೊಂದನ್ನು 30ರ ವೇಗ ಮೀರದಂತೆ ಸುಬ್ರಹ್ಮಣ್ಯ ರೋಡಿಗೆ ಇಳಿಸಿ ಎಂದು ಹಿಡಿಕೆಯನ್ನು ಅವರ ಕೈಗೇ ಕೊಡಬೇಕು.